ಅಕ್ಕ ಕೆಡಿಸಿದ ಕೀಬೋರ್ಡು

ಮಾರ್ಚ್ 3

ಈ ಪುಸ್ತಕ ಕೊಟ್ಟವಳು ಮಾತಿನ ಥೆರಪಿಸ್ಟ್. ನನ್ನ ತಮ್ಮ ದಿನಕ್ಕೆ ಯಾವ ಯಾವ ಮಾತು ಆಡಿದ ಎಂದು ಬರೆದಿಡಬೇಕಂತೆ. "ನಿಮ್ಮ ಮಾತು ಬೇಡ ಮೇಡಂ, ಅವರದ್ದು ಮಾತ್ರ" ಎಂದು ಎರಡು ಸಲ ಹೇಳಿದಳು. ಎಂ.ಎ. ಮಾಡಿ, ಇಪ್ಪತ್ತು ವರ್ಷದಿಂದ ಪಠ್ಯಪುಸ್ತಕಗಳ ಕರಡು ತಿದ್ದಿ ಹೊಟ್ಟೆ ಹೊರೆಯುವ ನಲವತ್ತೆಂಟರ ಹೆಂಗಸಿಗೆ ಖಾಲಿ ಪುಸ್ತಕ ಕೊಟ್ಟು ನಿಮ್ಮ ಮಾತು ಬೇಡ ಎನ್ನುವುದೆಂದರೆ ಬೆಕ್ಕಿನ ಮುಂದೆ ಹಾಲಿಟ್ಟು ಉಪವಾಸ ಮಾಡು ಎಂದ ಹಾಗೆ.

ಇವತ್ತು ನಾವು ಏಳೂವರೆಗೆ ಎದ್ದೆವು. ಮಾತ್ರೆ ನುಂಗಿದೆವು. ಬಲಗೈ ವ್ಯಾಯಾಮಕ್ಕೆ ನಮಗೆ ಮನಸ್ಸಿರಲಿಲ್ಲ. ತಮ್ಮನಿಗೆ ಪಾರ್ಶ್ವವಾಯು ಬಡಿದು ಎಪ್ಪತ್ತು ದಿನವಾಯಿತು, ನನ್ನ ಮನೆಗೆ ಬಂದು ನಲವತ್ತೆಂಟು. ಕಾಲು ಪರವಾಗಿಲ್ಲ, ಗೋಡೆ ಹಿಡಿಯದೆ ನಡೆಯುತ್ತಾನೆ. ಬಲಗೈ ಮಾತ್ರ ಬೇರೆ ಯಾರದೋ ಸಾಮಾನನ್ನು ಕಾಯುತ್ತಿರುವವನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿರುತ್ತಾನೆ. ಮಾತಿನಲ್ಲಿ ಒಂದು ಪದ ಬಂದರೆ, ಮುಂದಿನದು ಬರುವಷ್ಟರಲ್ಲಿ ಅನ್ನ ಬೆಂದಿರುತ್ತದೆ.

ಸಂಜೆ ಅವನ ರಿಪೇರಿ ಅಂಗಡಿಯ ಪಕ್ಕದಲ್ಲೇ ಅಂಗಡಿ ಇಟ್ಟಿರುವ ಗಡಿಯಾರದವರು ನೋಡಲು ಬಂದರು.

"ಅಂಗಡಿ ವಿಷಯ ಏನ್ ಯೋಚ್ನೆ ಮಾಡ್ದೆಯಪ್ಪಾ? ಎರಡು ತಿಂಗಳಿಂದ ಬಾಗಿಲು ಹಾಕೇ ಇದೆ. ಬಿಡೋ ಹಾಗಿದ್ರೆ ನಂಗೇ ಬಿಡು. ನಡುವಿನ ಗೋಡೆ ತೆಗೆಸಿ ಒಂದು ಮಾಡ್ಕೋತೀನಿ."

"ಅಂಗಡಿ..." ಎಂದ ತಮ್ಮ. ಹಣೆಯ ಮೇಲೆ ಬೆವರು. "ಅಂಗಡಿ... ನಂಗೆ..."

ನೋಡಲು ಆಗಲಿಲ್ಲ. "ನಂಗೆ ಇನ್ನು ಆಗಲ್ಲ, ನೀವೇ ತಗೊಳ್ಳಿ ಅಂತಿದಾನೆ" ಎಂದು ನಾನೇ ಮುಗಿಸಿಕೊಟ್ಟೆ. ತಮ್ಮ ಕಣ್ಣು ಮುಚ್ಚಿಕೊಂಡ. ಪಾಪ, ಎಷ್ಟು ಹಗುರವಾಯಿತೋ. ಮೂವತ್ತನೇ ತಾರೀಖು ಅಂಗಡಿಯಲ್ಲೇ ಬೀಗದ ಕೈ ಕೊಡುವುದೆಂದು ಗೊತ್ತಾಯಿತು.

ತಮ್ಮ ಆಡಿದ ಮಾತು: ಅಂಗಡಿ (ಎರಡು ಸಲ), ನಂಗೆ.

ಮಾರ್ಚ್ 6

ರಿಪೇರಿಗೆ ಬಂದು ಅಂಗಡಿಯಲ್ಲೇ ಉಳಿದಿದ್ದ ಸಾಮಾನುಗಳನ್ನು ವಾರಸುದಾರರಿಗೆ ಹಿಂದಿರುಗಿಸುವ ಕೆಲಸ ಮುಗಿಸಿದೆ. ಎರಡು ರೇಡಿಯೋ, ಒಂದು ಟೇಪ್ ರೆಕಾರ್ಡರ್, ಹೊಲಿಗೆ ಯಂತ್ರದ ಮೋಟಾರು. ಎಲ್ಲರೂ "ಪಾಪ" ಎಂದು ತೆಗೆದುಕೊಂಡು ಹೋದರು. ಹೋಗದೆ ಕೂತವರು ಒಬ್ಬರೇ, ಕೋರ್ಟಿನಲ್ಲಿ ಮೂವತ್ತೈದು ವರ್ಷ ತೀರ್ಪು ಟೈಪು ಮಾಡಿ ನಿವೃತ್ತರಾದ ಟೈಪಿಸ್ಟ್ ಯಜಮಾನರು. ಅವರದೊಂದು ಕೀಬೋರ್ಡು ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ನಲವತ್ತು ವರ್ಷದ್ದು. ಕಳ್ಳನ ತಲೆಗೆ ಹಾಕಿದರೆ ಕಳ್ಳ ಏಳುವುದಿಲ್ಲ, ಅಷ್ಟು ಭಾರ. ಪ್ರತಿ ಗುಂಡಿಯ ಕೆಳಗೂ ಒಂದೊಂದು ಸ್ಪ್ರಿಂಗು.

"ಇದನ್ನ ಹೀಗೇ ತಗೊಂಡೋಗಿ ಯಜಮಾನ್ರೇ, ಅವ್ನ ಕೈಲಿ ಆಗಲ್ಲ" ಎಂದೆ.

"ಅಲ್ಲಮ್ಮಾ, ಡಾಕ್ಟ್ರು ಹೊಟ್ಟೆ ಕುಯ್ದು ಆಮೇಲೆ ಮನೇಗೆ ಹೋಗಿ ಅಂದ್ರೆ ಹೋಗ್ತೀರಾ ನೀವು? ಬಿಚ್ಚಿರೋದು ನಿಮ್ಮ ತಮ್ಮ. ಹೊಲಿಗೆ ಹಾಕಿ ಕೊಡಿ."

ಆಗಬೇಕಾದದ್ದು ಇಷ್ಟೇ. ಯಾವ ಗುಂಡಿ ಒತ್ತಿದೆವು ಎಂದು ಕಂಪ್ಯೂಟರಿಗೆ ತಿಳಿಸುವ ಒಂದು ಚಿಕ್ಕ ಬೋರ್ಡು ಒಳಗಿರುತ್ತದೆ. ಕಂಟ್ರೋಲರ್ ಎನ್ನುತ್ತಾರೆ. ಅದು ಸುಟ್ಟುಹೋಗಿದೆ. ಹೊಸದನ್ನು ತಮ್ಮ ಮೊದಲೇ ತರಿಸಿಟ್ಟಿದ್ದಾನೆ. ಹಳೆಯದನ್ನು ತೆಗೆದು ಹೊಸದನ್ನು ಹಾಕಿದರೆ ಮುಗಿಯಿತು.

"ಹಾಗಾದ್ರೆ ನಾನೇ ಹಾಕಿಕೊಡ್ತೀನಿ" ಎಂದುಬಿಟ್ಟೆ. ಇಡೀ ಬಿ.ಎ. ಇತಿಹಾಸವನ್ನು ಅಲ್ಪವಿರಾಮ ಸಹಿತ ತಿದ್ದಿದವಳಿಗೆ ಆರು ಸ್ಕ್ರೂ ಏನು ಮಹಾ?

ತಮ್ಮ ಆಡಿದ ಮಾತು: ಕೇಳಲು ಮರೆತೆ.

ಮಾರ್ಚ್ 9

ಆರು ಸ್ಕ್ರೂ ಅಲ್ಲ, ನಾಲ್ಕು. ಉಳಿದೆರಡು ಎಂದು ನಾನು ಒಂದು ಗಂಟೆ ತಿರುಗಿಸಿದ್ದು ಸ್ಕ್ರೂಗಳೇ ಅಲ್ಲ, ಪ್ಲಾಸ್ಟಿಕ್ಕಿನ ಅಚ್ಚಿನಲ್ಲೇ ಮೂಡಿದ ಗುಂಡನೆಯ ಗುರುತುಗಳು.

ಊಟದ ಮೇಜಿನ ಮೇಲೆ ಹಳೆಯ ಬೆಡ್‌ಶೀಟು ಹಾಸಿ ಆಸ್ಪತ್ರೆ ಮಾಡಿಕೊಂಡಿದ್ದೇನೆ. ತಮ್ಮ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ನನಗೆ ಬೆನ್ನು ಹಾಕಿ ಕೂತಿದ್ದ. ಅವನಿಗೆ ಬೇಸರವಾಗದಿರಲಿ ಎಂದು ಎಲ್ಲವನ್ನೂ ವಿವರಿಸುತ್ತಾ ಹೋದೆ. "ನೋಡು, ಇದು ಬೋರ್ಡು. ಇದಕ್ಕೆ ಎರಡು ಪ್ಲಾಸ್ಟಿಕ್ ಪಟ್ಟಿ ಬಂದು ಸೇರ್ಕೊಂಡಿದೆ. ಒಂದು ಅಗಲ, ಒಂದು ಸಣ್ಣದು. ನರ ಇದ್ದ ಹಾಗೆ." ನರ ಎಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವನು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ.

ಹಳೆಯ ಬೋರ್ಡು ಹೊರಗೆ ಬಂತು, ಹೊಸದು ಒಳಗೆ ಹೋಯಿತು. ಎರಡೂ ಪಟ್ಟಿಗಳನ್ನು ಸಾಕೆಟ್ಟಿಗೆ ತೂರಿಸಿದೆ. ಮಧ್ಯಾಹ್ನ ನಾವು ಚೆನ್ನಾಗಿ ನಿದ್ದೆ ಮಾಡಿದೆವು. ಅಂದರೆ ನಾನು ಮಾಡಿದೆ. ಅವನು ಕೂತೇ ಇದ್ದ.

ಮಾರ್ಚ್ 10

ಕಂಪ್ಯೂಟರಿಗೆ ಸಿಕ್ಕಿಸಿ ನನ್ನ ಹೆಸರು ಹೊಡೆದೆ. ಬಂದದ್ದನ್ನು ಓದಿದರೆ ಯಾವುದೋ ಶಾಪದ ಹಾಗಿತ್ತು.

ಮಾರ್ಚ್ 13

ಮೂರು ದಿನ ಕೂತು ತಿದ್ದಿದೆ. ಬರೆದಿಡಲೇಬೇಕು, ನಾಳೆ ನಾನೇ ನಂಬುವುದಿಲ್ಲ.

ಒಂದು ಗುಂಡಿ ಒತ್ತಿದರೆ ಬೇರೆ ಅಕ್ಷರ ಬರುತ್ತದೆ. ಕ್ಯೂ ಒತ್ತಿದರೆ ಪಿ, ಪಿ ಒತ್ತಿದರೆ ಕ್ಯೂ. ಎ ಒತ್ತಿದರೆ ಆ ಕಡೆಯ ಅರ್ಧವಿರಾಮ. ಕರಡು ತಿದ್ದುವವಳು ಏನು ಮಾಡುತ್ತಾಳೆ? ಮೂಲ ಪ್ರತಿಯ ಜೊತೆ ಹೋಲಿಸುತ್ತಾಳೆ. ಹಾಳೆಯ ಮೇಲೆ ಎರಡು ಸಾಲು ಮಾಡಿದೆ, ಒತ್ತಿದ್ದು ಒಂದರಲ್ಲಿ, ಬಂದದ್ದು ಇನ್ನೊಂದರಲ್ಲಿ. ಕೆಂಪು ಪೆನ್ನಿನಲ್ಲಿ ಅದಲು ಬದಲು ಮಾಡುವ ಗುರುತು ಹಾಕಿದೆ. ಕಂಪ್ಯೂಟರಿನಲ್ಲಿ ಬರುತ್ತಿರುವುದೇ ಮೂಲ, ಗುಂಡಿಯ ಮೇಲೆ ಅಚ್ಚಾಗಿರುವುದೇ ತಪ್ಪು ಎಂದು ತೀರ್ಮಾನ ಮಾಡಿ, ಒಂದೊಂದೇ ಗುಂಡಿಯ ಮೇಲಿನ ಅಕ್ಷರದ ಟೋಪಿ ಕಿತ್ತು, ಯಾವುದು ಎಲ್ಲಿ ಬರಬೇಕೋ ಅಲ್ಲಿಗೆ ಕೂರಿಸಿದೆ.

ಎಂಬತ್ತಕ್ಕೂ ಹೆಚ್ಚು ಟೋಪಿ. ಊಟದ ಚಮಚದ ಹಿಡಿಯಿಂದ.

ಕೊನೆಗೆ ನನ್ನ ಹೆಸರು ಹೊಡೆದರೆ ನನ್ನ ಹೆಸರೇ ಬಂತು! ಅಗಲವಾದ ಎಂಟರ್ ಗುಂಡಿಯೊಂದು ಮಾತ್ರ ಹೋಗಬೇಕಾದ ಜಾಗದಲ್ಲಿ ಹಿಡಿಸಲಿಲ್ಲ. ಅದಕ್ಕೊಂದು ಚೀಟಿ ಬರೆದು ಅಂಟಿಸೋಣ ಎಂದುಕೊಂಡೆ. ದೊಡ್ಡ ಕೃತಿಗಳಿಗೂ ಕೊನೆಯಲ್ಲಿ ತಪ್ಪು ತಿದ್ದುವ ಒಂದು ಒಪ್ಪೋಲೆ ಇರುತ್ತದೆ.

ಮಾರ್ಚ್ 14

ತಮ್ಮ ನಕ್ಕ.

ಬೆಳಿಗ್ಗೆ ಹೆಮ್ಮೆಯಿಂದ ಕೀಬೋರ್ಡನ್ನು ಅವನ ತೊಡೆಯ ಮೇಲೆ ಇಟ್ಟೆ. ನೋಡಿದ. ಬಲದಿಂದ ಎಡಕ್ಕೆ ಸಾಗುವ ಅಕ್ಷರಗಳನ್ನು ನೋಡಿದ. ಚೀಟಿ ಅಂಟಿಸಿದ ಎಂಟರನ್ನು ನೋಡಿದ. ಮುಖದ ಎಡಭಾಗ ಮೊದಲು ನಕ್ಕಿತು, ಬಲಭಾಗ ಆಮೇಲೆ ಸೇರಿಕೊಂಡಿತು. ಹೊಟ್ಟೆ ಕುಣಿಸಿ, ಕಣ್ಣಲ್ಲಿ ನೀರು ತಂದುಕೊಂಡು, ಕೆಮ್ಮಿ ನಕ್ಕ. ನಾನು ಗಾಬರಿಯಾಗಿ ಬೆನ್ನು ತಟ್ಟಲು ಹೋದರೆ ಎಡಗೈಯಲ್ಲಿ ನನ್ನನ್ನು ತಳ್ಳಿ, ಗಾಳಿಯಲ್ಲಿ ಅಂಗೈಯನ್ನು ದೋಸೆಯ ಹಾಗೆ ಮಗುಚಿದ.

"ಪಟ್ಟಿ..." ಎಂದ. "ಪಟ್ಟಿ... ಉಲ್ಟಾ."

ಅಗಲ ಪಟ್ಟಿಯನ್ನು ತಿರುವಿ ಹಾಕಿದ್ದೆ. ಅದಕ್ಕೇ ಎಡದ ಗುಂಡಿಗೆ ಬಲದ ಅಕ್ಷರ. ಇಡೀ ಕೀಬೋರ್ಡು ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಿತ್ತು. ಎಂ.ಎ.ಯಲ್ಲಿ ನಾನು ಕವಿತೆಯಲ್ಲಿ ಬಿಂಬ ಪ್ರತಿಬಿಂಬದ ಬಗ್ಗೆ ನಲವತ್ತು ಪುಟದ ಪ್ರಬಂಧ ಬರೆದಿದ್ದೇನೆ. ಎದುರಿಗೇ ಬಂದು ನಿಂತಾಗ ಗುರುತು ಹಿಡಿಯದೆ ಅದಕ್ಕೆ ಟೋಪಿ ಹಾಕಿದೆ.

"ಮೊದ್ಲೇ ಹೇಳೋಕೇನಾಗಿತ್ತೋ ನಿಂಗೆ? ಮೂರು ದಿನ ನೋಡ್ತಾ ಕೂತಿದ್ಯಲ್ಲ!"

"ನೀನು... ಬಿಟ್ಟಿದ್ರೆ... ತಾನೆ."

ಇದನ್ನು ಥೆರಪಿಸ್ಟಿಗೆ ಓದಿ ಹೇಳಬೇಕೋ ಬೇಡವೋ ಯೋಚಿಸುತ್ತಿದ್ದೇನೆ.

ಮಾರ್ಚ್ 17

ಟೋಪಿಗಳೆಲ್ಲ ತಂತಮ್ಮ ಜಾಗಕ್ಕೆ ವಾಪಸಾದವು. ಪಟ್ಟಿಯನ್ನು ತಿರುಗಿಸಿ ಹಾಕುವಾಗ ತಮ್ಮ ಮೇಜಿನ ಪಕ್ಕಕ್ಕೆ ಬಂದು ಕೂತ. "ಮೆ..." ಎಂದ. ಮೆಟ್ಟಿಲಾ, ಮೆತ್ತೆಯಾ, ಮೆಣಸಾ ಎಂದು ಕೇಳುತ್ತಲೇ ಒತ್ತಿದೆ. ಅವನು ಹೇಳಲು ಹೊರಟಿದ್ದು ಮೆಲ್ಲಗೆ ಎಂದು. ಆ ಪದ ಮುಗಿಯುವುದಕ್ಕೂ ಸಾಕೆಟ್ಟು ಟಕ್ ಎನ್ನುವುದಕ್ಕೂ ಸರಿಹೋಯಿತು.

ಈಗ ಎಲ್ಲ ಅಕ್ಷರವೂ ಸರಿಯಾಗಿ ಬರುತ್ತದೆ, ಮೇಲಿಂದ ಕೆಳಗೆ ಒಂದು ಸಾಲು ಬಿಟ್ಟು. ಆ ಸಾಲಿನ ಅಕ್ಷರಗಳು ಒತ್ತಿದರೂ ಬರುವುದಿಲ್ಲ. ಬೋರ್ಡಿನ ಹಿಂದೆ ಸಾಕೆಟ್ಟಿನ ಒಂದು ಲೋಹದ ಕಾಲಿನ ಬೆಸುಗೆ ಸೀಳಿದೆಯಂತೆ. ತಮ್ಮ ಭೂತಗನ್ನಡಿ ಹಿಡಿದು ತೋರಿಸಿದ. ಕೂದಲಿಗಿಂತ ಸಣ್ಣ ಬಿರುಕು. ನಾನು ಮಾಡಿದ್ದು. ನಾನು ಮುಟ್ಟುವ ಮೊದಲು ಕೀಬೋರ್ಡಿಗೆ ಒಂದೇ ಕಾಯಿಲೆ ಇತ್ತು.

ಮಾರ್ಚ್ 20

ಟೈಪಿಸ್ಟ್ ಯಜಮಾನರು ಹೇಳದೆ ಕೇಳದೆ ಮನೆಗೇ ಬಂದರು. "ಆಯ್ತಾ ಹೊಲಿಗೆ?"

ನಾನು ಚಹಾ ಮಾಡಲು ಅಡುಗೆಮನೆಗೆ ಹೋದೆ. ಹೊರಗೆ ಮಾತೇ ಕೇಳಿಸಲಿಲ್ಲ. ಬಗ್ಗಿ ನೋಡಿದೆ. ತಮ್ಮ ಏನೋ ಶುರು ಮಾಡಿದ್ದ, ಸಿಕ್ಕಿಹಾಕಿಕೊಂಡಿದ್ದ. ಯಜಮಾನರು ಮೊಣಕಾಲಿನ ಮೇಲೆ ಎರಡೂ ಕೈ ಇಟ್ಟು, ಮುಖದಲ್ಲಿ ಪಾಪ ಎನ್ನುವ ಭಾವವಾಗಲೀ ಅವಸರವಾಗಲೀ ಇಲ್ಲದೆ, ಬಸ್ಸಿಗೆ ಕಾಯುವವರ ಹಾಗೆ ಕೂತಿದ್ದರು. ನನಗೆ ತಡೆಯಲಿಲ್ಲ. ಅಲ್ಲಿಂದಲೇ ಕೂಗಿದೆ. "ಇನ್ನೊಂದು ವಾರ ಬೇಕು ಅಂತಿದಾನೆ!"

ಯಜಮಾನರು ನನ್ನ ಕಡೆ ಕೈ ಎತ್ತಿದರು. ಮೂವತ್ತೈದು ವರ್ಷ ಕೋರ್ಟಿನಲ್ಲಿದ್ದ ಕೈ. ನಾನು ಬಾಯಿ ಮುಚ್ಚಿದೆ.

"ಬೆಸುಗೆ..." ಎಂದ ತಮ್ಮ, ಎಷ್ಟೋ ಹೊತ್ತಿನ ಮೇಲೆ. "ನಾನೇ... ಹಾಕ್ತೀನಿ. ಎಡಗೈಲಿ."

ವಾರದ ಸುದ್ದಿಯೇ ಇರಲಿಲ್ಲ.

ಹೋಗುವಾಗ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಯಜಮಾನರು ಹೇಳಿದರು: "ನಮ್ಮ ಸಾಹೇಬ್ರೊಬ್ರು ಇದ್ರಮ್ಮಾ. ತೀರ್ಪು ಹೇಳ್ತಾ ಹೇಳ್ತಾ ನಿಲ್ಲಿಸಿಬಿಡೋರು. ಐದು ನಿಮಿಷ, ಹತ್ತು ನಿಮಿಷ. ಬೆರಳು ಗುಂಡಿ ಮೇಲೆ ಇಟ್ಕೊಂಡು ಕಾಯೋದು. ಹೊಸದ್ರಲ್ಲಿ ಒಂದ್ಸಲ ಮುಂದಿನ ಪದ ನಾನೇ ಊಹೆ ಮಾಡಿ ಹೊಡೆದೆ. ಬಿಡುಗಡೆ ಅಂತ. ಅವ್ರು ಹೇಳಿದ್ದು ಬೇರೆ. ಆವತ್ತು ಆ ಹಾಳೆ ಹರಿದಿದ್ದು ಇನ್ನೂ ಕಿವೀಲಿದೆ."

ಅವರ ವಯಸ್ಸಿನವರಿಗೆ ಹಳೆಯ ಕಥೆ ಹೇಳುವ ಚಟ. ನನಗೇಕೆ ಹೇಳಿದರೋ.

ಮಾರ್ಚ್ 21

ಚಹಾ ಬೇಕಾ ಎಂದು ಕೇಳಿದೆ. ಕಾದೆ. ಗೋಡೆಯ ಮೇಲೆ ಹಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು. "ಕಾಫಿ" ಎಂದ.

ನಲವತ್ತೆಂಟು ದಿನ ಮತ್ತು ಮೇಲೆ ಹದಿನೆಂಟು ದಿನ ಅವನಿಗೆ ಚಹಾ ಕುಡಿಸಿದ್ದೇನೆ.

ಮಾರ್ಚ್ 24

ಬೆಸುಗೆಯ ಸಾಮಾನೆಲ್ಲ ಅಂಗಡಿಯಲ್ಲಿದೆ. ತಮ್ಮ ಅಲ್ಲಿಗೇ ಹೋಗೋಣ ಎಂದ. ಶಟರಿನ ಬೀಗ ಅವನೇ ತೆಗೆದ, ಎಡಗೈಯಲ್ಲಿ, ಮೂರನೇ ಸಲಕ್ಕೆ. ನಾನು ರಸ್ತೆಯ ಆ ಕಡೆಯ ಔಷಧಿ ಅಂಗಡಿಯ ಬೋರ್ಡನ್ನು ಎರಡು ಸಲ ಓದಿದೆ. ಅದರಲ್ಲಿ ಮೂರು ತಪ್ಪುಗಳಿವೆ.

ಒಳಗೆ ಧೂಳು, ಸುಟ್ಟ ರಾಳದ ವಾಸನೆ, ಗೋಡೆಯಲ್ಲಿ ಮೊಳೆಗೊಂದರಂತೆ ನೇತುಹಾಕಿದ ಇಕ್ಕಳಗಳು. ಬಲಗೈಗೆ ನಿಲುಕುವ ಹಾಗೆ ಇದ್ದ ಬೆಸುಗೆ ಕಡ್ಡಿಯ ಸ್ಟ್ಯಾಂಡನ್ನು ಎಳೆದು ಎಡಗಡೆಗೆ ಇಟ್ಟುಕೊಂಡ. ದೀಪವನ್ನೂ ಎಡಕ್ಕೆ ತಿರುಗಿಸಿದ. ಬೋರ್ಡನ್ನು ಹಿಡಿಕೆಯಲ್ಲಿ ಸಿಕ್ಕಿಸಲು ಅವನು ಒದ್ದಾಡುವಾಗ ನನ್ನ ಎರಡೂ ಕೈ ತೊಡೆಯ ಕೆಳಗಿದ್ದವು. ಅವುಗಳನ್ನು ಅಲ್ಲಿ ಇಟ್ಟವಳು ನಾನೇ ಇರಬೇಕು.

ಕಡ್ಡಿ ಹಿಡಿಯಲು ಒಂದು ಕೈ, ಸೀಸದ ತಂತಿ ಕೊಡಲು ಇನ್ನೊಂದು ಕೈ ಬೇಕು. ಬಹಳ ಹೊತ್ತು ಯೋಚಿಸಿ, ಬೇರೆ ದಾರಿ ಕಾಣದೆ, ನನ್ನ ಕಡೆ ನೋಡಿದ.

"ತಂತಿ... ಹಿಡಿ. ನಾನು ಹಾಂ ಅಂದಾಗ... ಮುಟ್ಸು. ಅಲ್ಲಿವರೆಗೂ... ಬೇಡ."

"ಅಷ್ಟೂ ಗೊತ್ತಾಗಲ್ವೇನೋ ನಂಗೆ?"

ಗೊತ್ತಾಗಲಿಲ್ಲ. ಕಡ್ಡಿ ತಾಗಿ ಹೊಗೆ ಎದ್ದ ತಕ್ಷಣ ಮುಟ್ಟಿಸಿಬಿಟ್ಟೆ. ಕರಗಿದ ಸೀಸ ದೊಡ್ಡ ಹನಿಯಾಗಿ ಎರಡು ಕಾಲುಗಳನ್ನು ಒಂದು ಮಾಡಿ ಕೂತಿತು. ತಮ್ಮ ಕಡ್ಡಿ ಕೆಳಗಿಟ್ಟು ನನ್ನನ್ನೇ ನೋಡಿದ. ಐದನೇ ಕ್ಲಾಸಿನಲ್ಲಿ ಅವನ ಗಾಳಿಪಟದ ದಾರ ನಾನು ಹಿಡಿದುಕೊಳ್ಳುತ್ತೇನೆಂದು ಹಿಡಿದು ಬಿಟ್ಟುಬಿಟ್ಟಾಗ ಹೀಗೇ ನೋಡಿದ್ದ.

"ನಾನು... ಹಾಂ... ಅಂದ್ನಾ?"

"ಇಲ್ಲ."

"ಮತ್ತೆ?"

ತಾಮ್ರದ ಜಡೆ ಇಟ್ಟು ಸೀಸವನ್ನೆಲ್ಲ ಹೀರಿ ತೆಗೆಯಲು ಮುಕ್ಕಾಲು ಗಂಟೆ. ಅವನು ನಿಲ್ಲಿಸಿ, ಊದಿ, ಮತ್ತೆ ಶುರುಮಾಡುತ್ತಿದ್ದ. ಎರಡನೇ ಸಲಕ್ಕೆ ಕಡ್ಡಿ ತಾಗಿತು. ಹೊಗೆ ಎದ್ದಿತು. ಅವನ ತುಟಿ ತೆರೆಯಿತು, ಏನೂ ಬರಲಿಲ್ಲ. ಸುಟ್ಟುಹೋಗುತ್ತದೆ ಎನ್ನಿಸಿತು, ಈಗ ಮುಟ್ಟಿಸದಿದ್ದರೆ ಕೆಟ್ಟಿತು ಎನ್ನಿಸಿತು. ನನ್ನ ಬೆರಳಿನ ತುದಿಯಲ್ಲಿ ತಂತಿ ಬೆವರುತ್ತಿತ್ತು.

"ಹಾಂ."

ಮುಟ್ಟಿಸಿದೆ. ಸೀಸ ಹೊಳೆಯುತ್ತಾ ಇಳಿದು ಕಾಲಿನ ಸುತ್ತ ಸಣ್ಣ ಗುಡ್ಡದ ಹಾಗೆ ನಿಂತಿತು.

"ಸಾಕು" ಎಂದ. ಆ ಪದ ತಡವರಿಸದೆ ಬಂತು. ತೆಗೆದೆ.

ಮಾರ್ಚ್ 26

ಅವನು ಬೆಳಿಗ್ಗೆ ಅಂಗಡಿಗೆ ಹೋದ. ಮಧ್ಯಾಹ್ನವೂ ಹೋದ. ಎಲ್ಲ ಗುಂಡಿಯೂ ಕೆಲಸ ಮಾಡುತ್ತಿದೆಯಂತೆ, ಆದರೂ ಏನೋ ತಿಕ್ಕುತ್ತಾ ಕೂತಿದ್ದಾನೆ. ನನ್ನ ಕರಡಿನ ಕೆಲಸ ಹದಿನೆಂಟು ಪುಟ ಮುಗಿಯಿತು.

ಮಾರ್ಚ್ 29

ನಾಳೆ ಮೂವತ್ತು. ಬೀಗದ ಕೈ ಕೊಡುವ ದಿನ. ತಮ್ಮ ಅದರ ಬಗ್ಗೆ ಏನೂ ಹೇಳಿಲ್ಲ. ಮೂರನೇ ತಾರೀಖಿನ ಪುಟ ತೆಗೆದು ಓದಿದೆ. "ಅಂಗಡಿ, ನಂಗೆ" ಎಂದು ನಾನೇ ಬರೆದಿದ್ದೇನೆ. ಅದರ ಮುಂದಿನದೆಲ್ಲ ನನ್ನ ಕೈಬರಹ ಮಾತ್ರವಲ್ಲ, ನನ್ನ ಮಾತೂ ಕೂಡ.

ಕೇಳಬೇಕು ಎಂದುಕೊಂಡು ಅವನ ಕೋಣೆಯ ಬಾಗಿಲವರೆಗೆ ಹೋದೆ. ಕೇಳಿದರೆ ನಾನು ಕೇಳುವ ಧಾಟಿಯಲ್ಲೇ ಉತ್ತರವೂ ಇದ್ದುಬಿಡುತ್ತದೆ. ನನ್ನ ಅಭ್ಯಾಸ ನನಗೆ ಗೊತ್ತಿಲ್ಲವೇ. ವಾಪಸು ಬಂದೆ.

ಮಾರ್ಚ್ 30

ಹನ್ನೊಂದು ಗಂಟೆಗೆ ಟೈಪಿಸ್ಟ್ ಯಜಮಾನರು ಅಂಗಡಿಗೆ ಬಂದರು. ಕೀಬೋರ್ಡು ಮೇಜಿನ ಮೇಲಿತ್ತು, ನಲವತ್ತು ವರ್ಷದ ಕೊಳೆ ತೊಳೆದು ಹಲ್ಲು ಹಲ್ಲಾಗಿ ನಗುತ್ತಿತ್ತು. ನಿಂತುಕೊಂಡೇ ಒಂದು ಸಾಲು ಹೊಡೆದರು. ಆ ಸದ್ದು! ತಗಡಿನ ಮಾಡಿನ ಮೇಲೆ ಕಡಲೆ ಸುರಿದ ಹಾಗೆ.

"ಭೇಷ್! ಯಾರು ಮಾಡಿದ್ದು, ನೀವಾ ಅವ್ನಾ?"

ನಾನು ತಲೆ ತಗ್ಗಿಸಿ, ನನ್ನದೇನೂ ಇಲ್ಲ ಎನ್ನುವ ಮುಖ ಸಿದ್ಧ ಮಾಡಿಕೊಂಡೆ. ತಮ್ಮ ನನ್ನ ಶ್ರಮದ ಬಗ್ಗೆ ಎರಡು ಮಾತು ಹೇಳಿದರೆ ಬೇಡವೆನ್ನಲು ಅನುಕೂಲವಾಗುತ್ತದೆ.

"ಅಕ್ಕ..." ಎಂದ ತಮ್ಮ. ಕಾದೆವು. "ಅಕ್ಕ... ಕೆಡಿಸಿದ್ಲು. ನಾನು... ಸರಿಮಾಡ್ದೆ."

ಯಜಮಾನರು ನಗುತ್ತಿರುವಾಗಲೇ ಗಡಿಯಾರದವರು ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಅಳತೆಯ ಟೇಪು ಇತ್ತು.

"ಏನಪ್ಪಾ, ಚೆನ್ನಾಗಿದೀಯಾ? ಗಾರೆಯವ್ರಿಗೆ ನಾಳೆ ಬರೋಕೆ ಹೇಳಿದೀನಿ. ಬೀಗದ ಕೈ..."

ತಮ್ಮ ಎದ್ದು ನಿಂತ. ಎಡಗೈಯಲ್ಲಿ ಮೇಜಿನ ಅಂಚು ಹಿಡಿದುಕೊಂಡ.

"ಅಣ್ಣಾ... ಅಂಗಡಿ..."

ಗಡಿಯಾರದವರು ನನ್ನ ಕಡೆ ನೋಡಿದರು. ಎಲ್ಲರೂ ಹಾಗೆಯೇ, ಅವನ ಮಾತು ನಿಂತರೆ ನನ್ನ ಕಡೆ ನೋಡುತ್ತಾರೆ. ಎರಡು ತಿಂಗಳಲ್ಲಿ ಎಲ್ಲರಿಗೂ ನಾನೇ ಕಲಿಸಿದ್ದು. ನನ್ನ ಗಂಟಲಿನಲ್ಲಿ ಏಳೆಂಟು ವಾಕ್ಯಗಳು ಸಾಲುಗಟ್ಟಿ ನಿಂತಿದ್ದವು. ಒಂದೊಂದೂ ವ್ಯಾಕರಣಶುದ್ಧ. ಬಿಡ್ತೀನಿ ಅಂತ ಒಂದು, ಬಿಡಲ್ಲ ಅಂತ ಒಂದು, ಇನ್ನೊಂದು ತಿಂಗಳು ಸಮಯ ಕೊಡಿ ಅಂತ ಒಂದು. ಯಾವುದು ಅವನದು ಎಂದು ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಹೊರಗೆ ಒಂದು ಆಟೋ ನಿಂತು, ಯಾರೋ ಇಳಿದು, ಚಿಲ್ಲರೆಗೆ ಜಗಳವಾಡಿ, ಆಟೋ ಹೊರಟೂ ಹೋಯಿತು.

"ನಂಗೆ..." ಎಂದ ತಮ್ಮ.

ನಾನು ಕೀಬೋರ್ಡಿನ ಮೇಲಿನ ಸಾಲಿನ ಗುಂಡಿಗಳನ್ನು ಎಣಿಸಿದೆ.

"ಬೇಕು."

ಗಡಿಯಾರದವರ ಟೇಪು ಸರ್ರನೆ ಸುತ್ತಿಕೊಂಡಿತು. "ಆದ್ರೆ ಆವತ್ತು ನೀನೇ ಅಲ್ವೇನಪ್ಪಾ..."

"ಆವತ್ತು ಹೇಳಿದ್ದು ಅವ್ನಲ್ಲ" ಎಂದೆ. "ನಾನು."

ಅವರು ನನ್ನನ್ನು, ಅವನನ್ನು, ಮೇಜಿನ ಎಡಗಡೆಯಲ್ಲಿದ್ದ ಬೆಸುಗೆ ಕಡ್ಡಿಯನ್ನು ಒಂದೊಂದಾಗಿ ನೋಡಿದರು. ಕೋಪ ಬಂದಿತ್ತು, ಬರಬೇಕಾದದ್ದೇ. "ಇದನ್ನ ಮೊದ್ಲೇ ಹೇಳಬಾರ್ದಾ ಮೇಡಂ? ಗಾರೆಯವ್ರಿಗೆ ಏನ್ ಹೇಳ್ಲಿ ಈಗ?" ಎಂದರು. ಆಮೇಲೆ ತಮ್ಮನ ಹೆಗಲು ತಟ್ಟಿ, "ನಿನ್ ಶಟರ್ ಕಿರುಗುಟ್ಟುತ್ತೆ. ಎಣ್ಣೆ ಹಾಕು. ಪಕ್ಕದಲ್ಲಿ ಕೂತಿರೋನು ನಾನು" ಎಂದು ಹೊರಟುಹೋದರು.

ಮಧ್ಯಾಹ್ನ ಅಂಗಡಿ ಮುಚ್ಚಿ ಇಬ್ಬರೂ ನಡೆದುಕೊಂಡು ಮನೆಗೆ ಬಂದೆವು. ಔಷಧಿ ಅಂಗಡಿ ದಾಟಿದ ಮೇಲೆ ತಮ್ಮ, "ಅಕ್ಕಾ..." ಎಂದ.

"ಹ್ಞೂಂ."

"ನಾಳೆಯಿಂದ..."

ಬ್ಯಾಂಕಿನ ಮುಂದೆ ಹಾದೆವು. ಶಾಲೆಯ ಕಾಂಪೌಂಡು ಮುಗಿಯಿತು. ಅವನು ಕೃತಜ್ಞತೆಯ ಮಾತನ್ನು ಹುಡುಕುತ್ತಿದ್ದಾನೆ ಎಂದು ನನಗೆ ಖಾತ್ರಿಯಾಗಿತ್ತು. ಅಯ್ಯೋ ಹುಚ್ಚಪ್ಪಾ, ಒಡಹುಟ್ಟಿದವರಲ್ಲಿ ಅದೆಲ್ಲ ಏನೋ ಎನ್ನುವ ಉತ್ತರವನ್ನು ಬಾಯಲ್ಲೇ ಇಟ್ಟುಕೊಂಡು, ಹೆಜ್ಜೆ ನಿಧಾನ ಮಾಡಿ, ಮನೆಯ ಗೇಟಿನವರೆಗೂ ನಡೆದೆ.

"ನಾಳೆಯಿಂದ... ನೀನು... ಅಂಗಡಿಗೆ... ಬರ್ಬೇಡ."

ಗೇಟನ್ನು ಅವನೇ ತೆಗೆದ.